ಧೂಳು ಊರಿಗೆ, ದಂಡ ಖಜಾನೆಗೆ: ರಸ್ತೆ ವಿಳಂಬ ದಂಡ ವ್ಯವಸ್ಥೆಯ ವಿಮರ್ಶೆ

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಹಣ ಕೊಟ್ಟು ಕೊಳ್ಳುವ ಸರಕಲ್ಲ, ತೆರಿಗೆ ಕಟ್ಟುವ ಎಲ್ಲರೂ ಆಗಲೇ ಬೆಲೆ ತೆತ್ತಿರುವ ಒಂದು ಸರ್ಕಾರಿ ಸೇವೆ. ರಸ್ತೆ ಕಾಮಗಾರಿ ಗಡುವು ಮೀರಿದಾಗ ಗುತ್ತಿಗೆದಾರರಿಂದ ವಸೂಲಾಗುವ ವಿಳಂಬ ದಂಡ, ಇಂಜಿನಿಯರುಗಳ ಬಾಯಲ್ಲಿ ‘ಎಲ್‌ಡಿ’, ತುಮಕೂರು ಜಿಲ್ಲೆಯ ರಸ್ತೆ ಬದಿಯ ಊರಿಗೆ ಏನು ಕೊಡುತ್ತಿದೆ ಎಂಬುದು ಪ್ರಶ್ನೆ. ಅಂಕವನ್ನು ಮೊದಲೇ ಹೇಳಿಬಿಡೋಣ. ಕರಾರಿನಲ್ಲಿ ಬರೆದಿರುವ ನಿಯಮಕ್ಕೆ ಐದಕ್ಕೆ ಮೂರು. ಅದರ ಜಾರಿಗೆ ಒಂದೂವರೆ. ತೊಂದರೆ ಅನುಭವಿಸಿದ ಊರಿಗೆ ಆ ಹಣ ತಲುಪುವ ವಿಷಯಕ್ಕೆ ಸೊನ್ನೆ, ಏಕೆಂದರೆ ಅದು ತಲುಪುವ ದಾರಿಯನ್ನೇ ಯಾರೂ ಹಾಕಿಲ್ಲ.

ಮೊದಲು ನಿಯಮ. ರಾಷ್ಟ್ರೀಯ ಹೆದ್ದಾರಿಗಳ ಮಾದರಿ ಇಪಿಸಿ ಕರಾರಿನಲ್ಲಿ (ವಿನ್ಯಾಸ, ಸಾಮಗ್ರಿ, ನಿರ್ಮಾಣ ಮೂರೂ ಒಬ್ಬನೇ ಗುತ್ತಿಗೆದಾರನ ಹೊಣೆಯಾಗಿರುವ ಕರಾರು) ಲೆಕ್ಕ ಸರಳವಾಗಿದೆ: ಗುತ್ತಿಗೆ ಮೊತ್ತದ ಶೇ. 0.05, ತಡವಾದ ಪ್ರತಿ ದಿನಕ್ಕೆ. ಒಟ್ಟು ಶೇ. 10 ದಾಟುವಂತಿಲ್ಲ. ಕೆಲಸವನ್ನು ಮೈಲಿಗಲ್ಲುಗಳಾಗಿ, ಅಂದರೆ ಗಡುವುಳ್ಳ ಹಂತಗಳಾಗಿ, ಒಡೆದಿರುತ್ತಾರೆ, ನಡುವಿನ ಮೈಲಿಗಲ್ಲು ತಪ್ಪಿದರೂ ದಂಡ ಓಡುತ್ತದೆ. ಕೊನೆಯ ಗಡುವಿನೊಳಗೆ ಪೂರ್ತಿ ಮುಗಿಸಿದರೆ ನಡುವೆ ಹಿಡಿದ ದಂಡವನ್ನು ಬಡ್ಡಿಯಿಲ್ಲದೆ ವಾಪಸ್ ಕೊಡಬೇಕು. ಇದು ಒಳ್ಳೆಯ ನಿಯಮ, ಹಿಂದೆ ಬಿದ್ದವನಿಗೆ ಓಡಿ ಸೇರಿಕೊಳ್ಳಲು ಕಾರಣ ಕೊಡುತ್ತದೆ. ರಾಜ್ಯ ಲೋಕೋಪಯೋಗಿ ಇಲಾಖೆಯ ಕೆಡಬ್ಲ್ಯು-4 ಎಂಬ ಮಾದರಿ ಟೆಂಡರ್ ದಾಖಲೆಯಲ್ಲಿ ದಿನದ ದರವನ್ನೂ ಗರಿಷ್ಠ ಮಿತಿಯನ್ನೂ ‘ಕಾಂಟ್ರಾಕ್ಟ್ ಡೇಟಾ’ ಪುಟದಲ್ಲಿ ಆಯಾ ಕಾಮಗಾರಿಗೆ ತಕ್ಕಂತೆ ತುಂಬುತ್ತಾರೆ. ಹಾಗಾಗಿ ನಿಮ್ಮೂರಿನ ರಸ್ತೆಯ ದರ ತಿಳಿಯಬೇಕಾದರೆ ಆ ಒಂದು ಪುಟ ಸಿಕ್ಕರೆ ಸಾಕು.

ಈ ಲೆಕ್ಕದ ದೌರ್ಬಲ್ಯ ಕಾಣಲು ಒಂದು ಉದಾಹರಣೆ ಹಾಕಿಕೊಳ್ಳಿ. 14 ಕಿ.ಮೀ. ರಸ್ತೆ, 12 ಕೋಟಿ ರೂಪಾಯಿ ಗುತ್ತಿಗೆ, ಇಪಿಸಿ ದರ. ದಿನಕ್ಕೆ 60,000 ರೂಪಾಯಿ. 200ನೇ ದಿನಕ್ಕೆ 1.20 ಕೋಟಿ ಮುಟ್ಟಿ ಮೀಟರ್ ನಿಂತುಹೋಗುತ್ತದೆ. 201ನೇ ದಿನದಿಂದ ವಿಳಂಬ ದಂಡದ ಲೆಕ್ಕದಲ್ಲಿ ಗುತ್ತಿಗೆದಾರನಿಗೆ ಕಳೆದುಕೊಳ್ಳಲು ಹೆಚ್ಚಿನದು ಏನೂ ಉಳಿದಿರುವುದಿಲ್ಲ. ಕರಾರು ರದ್ದಾಗಬಹುದೆಂಬ ಬೆದರಿಕೆ ಇದೆ, ನಿಜ. ಆದರೆ ರದ್ದು ಮಾಡಿದರೆ ಅಳತೆ, ಮರು ಟೆಂಡರ್, ಕೋರ್ಟು ಎಂದು ಮತ್ತೊಂದು ವರ್ಷ ಹೋಗುತ್ತದೆ ಎಂಬುದು ಇಲಾಖೆಗೂ ಗೊತ್ತು, ಗುತ್ತಿಗೆದಾರನಿಗೂ ಗೊತ್ತು. ಊರಿನವರ ಕಷ್ಟ ಮಾತ್ರ 200ನೇ ದಿನಕ್ಕೆ ನಿಲ್ಲುವುದಿಲ್ಲ.

ಜಾರಿಗೆ ಒಂದೂವರೆ ಅಂಕ ಯಾಕೆ ಎಂದರೆ, ಹಣ ಸೋರುವುದು ಇಲ್ಲೇ. ಕೆಲಸ ತಡವಾದಾಗ ಗುತ್ತಿಗೆದಾರ ಅವಧಿ ವಿಸ್ತರಣೆಗೆ, ಅಂದರೆ ಇಒಟಿಗೆ ಅರ್ಜಿ ಹಾಕುತ್ತಾನೆ. ಅರ್ಜಿಯನ್ನು ತೂಗಿ ನೋಡಬೇಕಾದ್ದು ಅಡಚಣೆ ದಾಖಲೆಯ ಮೇಲೆ, ಕಚೇರಿಯಲ್ಲಿ ‘ಹಿಂಡ್ರನ್ಸ್ ರಿಜಿಸ್ಟರ್’ ಎನ್ನುವ ಪುಸ್ತಕದ ಮೇಲೆ. ಕಂಬ ಸ್ಥಳಾಂತರವಾಗಿಲ್ಲ, ಮರ ಕಡಿಯಲು ಅನುಮತಿ ಬಂದಿಲ್ಲ, ಜಮೀನಿನ ಪರಿಹಾರ ಪಾವತಿಯಾಗಿಲ್ಲ, ಇಂಥ ಪ್ರತಿಯೊಂದು ಅಡಚಣೆ ಯಾವ ಸರಪಳಿಯಿಂದ ಯಾವ ಸರಪಳಿವರೆಗೆ (ಸರಪಳಿ ಎಂದರೆ ರಸ್ತೆಯ ಶುರುವಿನಿಂದ ಅಳೆದ ದೂರದ ಗುರುತು), ಯಾವ ದಿನ ಶುರುವಾಯಿತು, ಯಾವ ದಿನ ತೆರವಾಯಿತು ಎಂದು ಅಂದಂದೇ ಬರೆದು ಎರಡೂ ಕಡೆಯವರು ಸಹಿ ಹಾಕಬೇಕು. ಕೆಟ್ಟ ಕಡತದಲ್ಲಿ ಈ ಪುಸ್ತಕ ಕಾಮಗಾರಿ ಮುಗಿಯುವ ಹೊತ್ತಿಗೆ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿಕೊಳ್ಳುತ್ತದೆ. 300 ಮೀಟರ್ ಉದ್ದಕ್ಕೆ ಕಂಬ ಅಡ್ಡವಿತ್ತೆಂದು 14 ಕಿ.ಮೀ.ಗೂ ವಿಸ್ತರಣೆ ಸಿಕ್ಕಿರುತ್ತದೆ. ಒಂದೇ ಸಮಯದಲ್ಲಿದ್ದ ಎರಡು ಅಡಚಣೆಗಳ ದಿನಗಳನ್ನು ಕೂಡಿಸಿ ಎರಡು ಪಟ್ಟು ಮಾಡಿರುತ್ತಾರೆ. ಹೀಗೆ ಒಂದರ ಮೇಲೊಂದು ಬಿದ್ದ ದಿನಗಳನ್ನು ಕಳೆದು ಮತ್ತೆ ಲೆಕ್ಕ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಮಾಡಿದರೆ ‘ದಂಡರಹಿತ ವಿಸ್ತರಣೆ’ಯ ಎಷ್ಟೋ ದಿನಗಳು ದಂಡದ ದಿನಗಳಾಗಿ ಬದಲಾಗುತ್ತವೆ. ವಿಳಂಬ ದಂಡ ವಿಧಿಸದೆ ಬಿಟ್ಟದ್ದು ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಗಳಲ್ಲಿ ಪದೇ ಪದೇ ಬರುವ ಆಕ್ಷೇಪ, ಹೊಸದೇನಲ್ಲ.

ಇನ್ನೊಂದು ಸೋರಿಕೆ ಕಾನೂನಿನದು. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಂ ಪ್ರಕಾರ, ಸಮಯವೇ ಮುಖ್ಯವೆಂದು ಒಪ್ಪಿದ ಕರಾರಿನಲ್ಲಿ ಗಡುವು ಮೀರಿ ಬಂದ ಕೆಲಸವನ್ನು ಒಪ್ಪಿಕೊಳ್ಳುವವರು ‘ತಡವಾದದ್ದಕ್ಕೆ ಪರಿಹಾರ ಕೇಳುವ ಹಕ್ಕು ನಮಗಿದೆ’ ಎಂದು ಒಪ್ಪಿಕೊಳ್ಳುವ ಹೊತ್ತಿಗೇ ನೋಟಿಸ್ ಕೊಡಬೇಕು. ಆ ಒಂದು ಕಾಗದ ಹೋಗದಿದ್ದರೆ ಮುಂದೆ ಮಧ್ಯಸ್ಥಿಕೆಯಲ್ಲಿ ಇಡೀ ದಂಡ ಬಿದ್ದುಹೋಗುವ ಸಂಭವ ಇರುತ್ತದೆ. ಗಡುವು ಮುಗಿದ ವಾರದಲ್ಲೇ ನೋಟಿಸ್ ಕಳಿಸುವುದು ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಕಚೇರಿಯ ಮಟ್ಟದಲ್ಲಿ ಅಭ್ಯಾಸವಾಗಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ: ಹಿಡಿದ ದಂಡ ಎಲ್ಲಿಗೆ ಹೋಗುತ್ತದೆ? ಆರ್‌ಎ ಬಿಲ್‌ನಲ್ಲಿ, ಅಂದರೆ ಕೆಲಸ ನಡೆಯುತ್ತಿರುವಾಗ ಕಂತುಕಂತಾಗಿ ಪಾವತಿಸುವ ಬಿಲ್‌ನಲ್ಲಿ, ಕಡಿತ ಮಾಡಿದ ಮೊತ್ತ ಎರಡು ಬಗೆ. ಒಂದು, ಇಒಟಿ ತೀರ್ಮಾನ ಆಗುವ ತನಕ ‘ತಡೆಹಿಡಿದದ್ದು’. ಇದು ಸರ್ಕಾರಿ ಲೆಕ್ಕದ ಲೋಕೋಪಯೋಗಿ ಠೇವಣಿ ಶೀರ್ಷಿಕೆಯಲ್ಲಿ, 8443 ಸಿವಿಲ್ ಠೇವಣಿಯ 108ರಲ್ಲಿ ಕೂತಿರುತ್ತದೆ, ಅಂತಿಮ ಬಿಲ್ ಜೊತೆ ಸದ್ದಿಲ್ಲದೆ ಬಿಡುಗಡೆ ಆಗುವುದೂ ಉಂಟು. ಇನ್ನೊಂದು, ಆದೇಶ ಹೊರಡಿಸಿ ‘ವಿಧಿಸಿದ್ದು’. ಸರ್ಕಾರಕ್ಕೆ ಬಂದ ಆದಾಯವೆಲ್ಲ ಸಂವಿಧಾನದ 266ನೇ ವಿಧಿಯಂತೆ ರಾಜ್ಯದ ಸಂಚಿತ ನಿಧಿಗೆ ಸೇರಬೇಕು, ಶಾಸನಸಭೆಯ ಒಪ್ಪಿಗೆಯಿಲ್ಲದೆ ಅಲ್ಲಿಂದ ಒಂದು ರೂಪಾಯಿಯೂ ಹೊರಬರುವುದಿಲ್ಲ. ಹೆದ್ದಾರಿ ಪ್ರಾಧಿಕಾರದ ಕಾಮಗಾರಿಯಾದರೆ ಹಣ ಪ್ರಾಧಿಕಾರದ ನಿಧಿಗೆ. ಎರಡೂ ಕಡೆ ‘ಇದು ಕೊರಟಗೆರೆಯ ಧೂಳಿನಿಂದ ಬಂದ ಹಣ’ ಎಂಬ ಗುರುತು ಅಳಿಸಿಹೋಗುತ್ತದೆ. ಇದರಲ್ಲಿ ಕಳ್ಳತನವೇನೂ ಇಲ್ಲ, ಲೆಕ್ಕಶಾಸ್ತ್ರ ಸರಿಯಾಗಿಯೇ ಇದೆ. ಅನ್ಯಾಯ ಇರುವುದು ನಷ್ಟ ಒಂದು ಕಡೆ, ಪರಿಹಾರ ಇನ್ನೊಂದು ಕಡೆ ಆಗಿರುವುದರಲ್ಲಿ.

ನಷ್ಟ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ರಸ್ತೆ ಅಗೆದು ಜಿಎಸ್‌ಬಿ (ತಳದ ಜಲ್ಲಿ ಪದರ) ಹಾಸಿ, ಅದರ ಮೇಲೆ ವೆಟ್‌ಮಿಕ್ಸ್ (ನೀರು ಬೆರೆಸಿದ ಜಲ್ಲಿ-ಪುಡಿ ಮಿಶ್ರಣ) ಹಾಸಿ ನಿಲ್ಲಿಸಿಬಿಡುತ್ತಾರೆ. ವೆಟ್‌ಮಿಕ್ಸ್ ಮೇಲೆ ಪ್ರೈಮರ್ ಹೊಡೆದು ಡಾಂಬರು ಪದರ ಬೀಳುವ ತನಕ ವಾಹನ ಬಿಡಬಾರದು. ಬದಲಿ ರಸ್ತೆ ಇಲ್ಲದ ಕಡೆ ಬಿಡದೆ ವಿಧಿಯಿಲ್ಲ. ಲಾರಿ ಚಕ್ರಕ್ಕೆ ಸಿಕ್ಕಿ ಜಲ್ಲಿಯ ನಡುವಿನ ನುಣುಪು ಪುಡಿ ಮೊದಲು ಎದ್ದುಹೋಗುತ್ತದೆ, ಅದೇ ಧೂಳು. ಪುಡಿ ಹೋದ ಮೇಲೆ ಜಲ್ಲಿ ಸಡಿಲವಾಗಿ ಚದುರುತ್ತದೆ, ಮಳೆ ಬಂದರೆ ಗುಂಡಿ. ಆಮೇಲೆ ಡಾಂಬರು ಹಾಕುವ ಮೊದಲು ಆ ಪದರವನ್ನು ಕೆದಕಿ ಮತ್ತೆ ಹಾಸಬೇಕು. ಹಾಸದೆ ಮೇಲೆಯೇ ಡಾಂಬರು ಎಳೆದರೆ ಹೊಸ ರಸ್ತೆ ಬೇಗ ಕುಸಿಯುತ್ತದೆ. ವಿಳಂಬದ ನಷ್ಟ ವಿಳಂಬ ಮುಗಿದ ಮೇಲೂ ಉಳಿಯುವುದು ಹೀಗೆ.

ಆ ಧೂಳು ಎಲ್ಲಿ ಕೂರುತ್ತದೆ? ರೇಷ್ಮೆ ಸೀಮೆಯಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ಕಡೆ, ರಸ್ತೆ ಬದಿಯ ಹಿಪ್ಪುನೇರಳೆ ಸಾಲುಗಳ ಮೇಲೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಕಳಚುವ ಹಂತ, ದಾಟಿದ ರೇಷ್ಮೆ ಹುಳು ತನ್ನ ಜೀವಮಾನದ ಬಹುಪಾಲು ಸೊಪ್ಪನ್ನು ಆ ಕೊನೆಯ ಹಂತದಲ್ಲೇ ತಿನ್ನುತ್ತದೆ. ಧೂಳಿನ ಸೊಪ್ಪು ಹಾಕಿದರೆ ತಿನ್ನುವುದು ಕಡಿಮೆಯಾಗಿ ಗೂಡಿನ ತೂಕ ಇಳಿಯುತ್ತದೆ. ತೊಳೆದು ಒದ್ದೆ ಸೊಪ್ಪು ಹಾಕಿದರೆ ಸಪ್ಪೆ ರೋಗದ ಭಯ. ಹಾಗಾಗಿ ರೈತ ರಸ್ತೆ ಬದಿಯ ಸಾಲುಗಳನ್ನು ಬಿಟ್ಟು ಬೇರೆ ಕಡೆಯಿಂದ ಸೊಪ್ಪು ಕೊಂಡು ತರುತ್ತಾನೆ. ಈ ಖರ್ಚು ಕಾಮಗಾರಿಯ ಅಳತೆ ಬರೆಯುವ ಯಾವ ಎಂ.ಬಿ. ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ರಸ್ತೆ ನಿರ್ದಿಷ್ಟತೆಗಳ 112ನೇ ಕಲಮಿನಲ್ಲಿ ಕಾಮಗಾರಿ ಕಾಲದ ಸಂಚಾರ ವ್ಯವಸ್ಥೆಯ ಜವಾಬ್ದಾರಿಯನ್ನು ಗುತ್ತಿಗೆದಾರನ ಮೇಲೇ ಇಟ್ಟಿದ್ದಾರೆ. ಆದರೂ ಕೆಲಸ ನಿಂತ ದಿನದಿಂದ ಧೂಳಿಗೆ ನೀರು ಹೊಡೆಯುವ ಟ್ಯಾಂಕರೂ ಮಾಯವಾಗುತ್ತದೆ.

ದಂಡದ ಹಣ ಊರಿಗೆ ಸೇರಬೇಕೆಂಬುದು ಬರೀ ಭಾವನೆಯ ಮಾತಲ್ಲ. ಕರಾರು ಕಾಯ್ದೆಯ 74ನೇ ಕಲಮಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ಅದರ ಮಿತಿಯೊಳಗಿನ ‘ಸಮಂಜಸ ಪರಿಹಾರ’ ಮಾತ್ರ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಖಚಿತಪಡಿಸಿದೆ. ಹಾಗಾದರೆ ರಸ್ತೆ ತಡವಾದರೆ ಇಲಾಖೆಗೆ ಏನು ನಷ್ಟ? ಟೋಲ್ ಇಲ್ಲದ ರಸ್ತೆಯಿಂದ ಇಲಾಖೆಗೆ ಆದಾಯವೇ ಇಲ್ಲ. ಇದಕ್ಕೆ ಉತ್ತರ 2003ರ ಒಎನ್‌ಜಿಸಿ–ಸಾ ಪೈಪ್ಸ್ ತೀರ್ಪಿನಲ್ಲಿದೆ. ರಸ್ತೆ, ಸೇತುವೆ ತಡವಾದರೆ ಸಮಾಜಕ್ಕೆ, ರಾಜ್ಯಕ್ಕೆ ಎಷ್ಟು ನಷ್ಟವಾಯಿತೆಂದು ಸಾಬೀತು ಮಾಡುವುದು ಕಷ್ಟ, ಆದ್ದರಿಂದ ಮೊದಲೇ ಒಪ್ಪಿಕೊಂಡ ಅಂದಾಜು ಮೊತ್ತಕ್ಕೆ ಬೆಲೆ ಕೊಡಬೇಕು ಎಂಬುದು ಅದರ ತಾತ್ಪರ್ಯ. ಗಮನಿಸಿ: ದಂಡವನ್ನು ಸಮರ್ಥಿಸುವಾಗ ಇಲಾಖೆಯ ವಕೀಲರು ಮುಂದಿಡುವುದು ಜನರ ನಷ್ಟವನ್ನು. ಜನರ ನಷ್ಟದ ಹೆಸರಿನಲ್ಲಿ ಗೆದ್ದ ಹಣ ಅದೇ ಜನರ ಕಡೆ ತಿರುಗಬೇಕೆಂದು ಕೇಳುವುದು ಹಕ್ಕಿನ ಮಾತು.

ಇಂಥದ್ದು ಕರ್ನಾಟಕಕ್ಕೆ ಹೊಸದೂ ಅಲ್ಲ. 2011ರ ಸಕಾಲ ಕಾಯ್ದೆಯಲ್ಲಿ ಸೇವೆ ತಡವಾದರೆ ಅರ್ಜಿದಾರನಿಗೇ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಎಂದಿದೆ. ಮೊತ್ತ ಸಣ್ಣದು, ತತ್ವ ದೊಡ್ಡದು: ಕಾದವನಿಗೆ ಪರಿಹಾರ. ಇನ್ನು ತುಮಕೂರಿನವರಿಗೆ ಚೆನ್ನಾಗಿ ಗೊತ್ತಿರುವ ಗಣಿ ಪ್ರಕರಣ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅಕ್ರಮ ಗಣಿಗಾರಿಕೆಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಸಂಗ್ರಹಿಸಿದ ಹಣವನ್ನು ಗಣಿಬಾಧಿತ ಪ್ರದೇಶಕ್ಕೇ ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ನಮ್ಮ ಜಿಲ್ಲೆಯಲ್ಲಿ ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆಯವರು ಅದರ ಫಲಾನುಭವಿಗಳು. 2015ರ ಗಣಿ ಕಾಯ್ದೆ ತಿದ್ದುಪಡಿಯ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೇ ದಾರಿಯದ್ದು. ಆದರೆ ಪುನಶ್ಚೇತನ ನಿಗಮದಿಂದ ಕಲಿಯಬೇಕಾದ ಕಹಿ ಪಾಠವೂ ಇದೆ. ಹಣ ಗುರುತಾದ ಮೇಲೂ ಅದು ಕಾಮಗಾರಿಯಾಗಿ ನೆಲಕ್ಕಿಳಿಯಲು ವರ್ಷಗಳೇ ಹಿಡಿದವು, ಏಕೆಂದರೆ ಯಾರು ಯೋಜನೆ ತಯಾರಿಸಬೇಕು, ಯಾರು ಒಪ್ಪಬೇಕು ಎಂಬುದು ಮೊದಲೇ ಇತ್ಯರ್ಥವಾಗಿರಲಿಲ್ಲ.

ಹಾಗಾದರೆ ಹಂಚುವುದು ಹೇಗೆ? ‘ಜಿಲ್ಲೆಗೆ ಕೊಡಿ’ ಎಂದಷ್ಟೇ ಬರೆದರೆ ಹಣ ತುಮಕೂರು ನಗರದಲ್ಲೇ ಖರ್ಚಾಗುತ್ತದೆ, ಧೂಳು ತಿಂದ ಹೋಬಳಿಗೆ ಏನೂ ಸಿಗುವುದಿಲ್ಲ. ಹಂಚಿಕೆಯ ಅಳತೆ ಗಡುವಿನ ದಿನ ಮುಗಿಯದೆ ಉಳಿದ ಕಿಲೋಮೀಟರ್ ಆಗಬೇಕು, ರಸ್ತೆಯ ಒಟ್ಟು ಉದ್ದ ಅಲ್ಲ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿ. 14 ಕಿ.ಮೀ.ಯಲ್ಲಿ 9 ಮಧುಗಿರಿ ತಾಲ್ಲೂಕಿನಲ್ಲಿ, 5 ಕೊರಟಗೆರೆ ತಾಲ್ಲೂಕಿನಲ್ಲಿ ಎಂದುಕೊಳ್ಳಿ. ಒಟ್ಟು 425 ದಿನ ತಡ, ಅದರಲ್ಲಿ 250 ದಿನಕ್ಕೆ ದಂಡರಹಿತ ವಿಸ್ತರಣೆ. ಉಳಿದ 175 ದಿನಕ್ಕೆ 1.05 ಕೋಟಿ ದಂಡ. ಕಾಲು ಭಾಗ, 26.25 ಲಕ್ಷ, ವ್ಯಾಜ್ಯದ ಮೀಸಲು. ಹಂಚಲು ಉಳಿಯುವುದು 78.75 ಲಕ್ಷ. ಗಡುವಿನ ದಿನ ಮಧುಗಿರಿ ಕಡೆ 3 ಕಿ.ಮೀ., ಕೊರಟಗೆರೆ ಕಡೆ 4 ಕಿ.ಮೀ. ಬಾಕಿ ಇದ್ದರೆ ಕೊರಟಗೆರೆ ಭಾಗಕ್ಕೆ 45 ಲಕ್ಷ, ಮಧುಗಿರಿ ಭಾಗಕ್ಕೆ 33.75 ಲಕ್ಷ. ಉದ್ದದ ಪ್ರಕಾರ ಹಂಚಿದ್ದರೆ ಹೆಚ್ಚು ಪಾಲು ಮಧುಗಿರಿಗೆ, ಅದೂ ಸಮಯಕ್ಕೆ ಸರಿಯಾಗಿ ಮುಗಿದ ಕಿಲೋಮೀಟರ್‌ಗಳ ಲೆಕ್ಕದಲ್ಲಿ ಹೋಗುತ್ತಿತ್ತು. ತಾಲ್ಲೂಕಿನೊಳಗೆ ಗ್ರಾಮ ಪಂಚಾಯಿತಿವಾರು ಇದೇ ಲೆಕ್ಕ ಇಳಿಸಬಹುದು, ಸರಪಳಿವಾರು ಪ್ರಗತಿ ಪಟ್ಟಿ ಉಪವಿಭಾಗದ ಕಚೇರಿಯಲ್ಲಿ ಇದ್ದೇ ಇರುತ್ತದೆ. ಬದಲಿ ಸಂಚಾರಕ್ಕೆ ಬಳಸಿದ ಹಳ್ಳಿ ರಸ್ತೆಯ ಊರು ಮೂಲ ರಸ್ತೆಯ ಮೇಲೆ ಇಲ್ಲದಿದ್ದರೂ ಪಾಲಿಗೆ ಸೇರಬೇಕು. ಟಿಪ್ಪರ್ ಓಡಿ ಹಾಳಾದದ್ದು ಆ ಊರಿನ ರಸ್ತೆ.

ಮೀಸಲು ಬೇಕೇ ಬೇಕು. ಇಂದು ವಿಧಿಸಿದ ದಂಡವನ್ನು ಮಧ್ಯಸ್ಥಿಕೆಯಲ್ಲಿ ನಾಳೆ ವಾಪಸ್ ಕೊಡಬೇಕಾಗಿ ಬರಬಹುದು. ಪೂರ್ತಿ ಖರ್ಚು ಮಾಡಿದ್ದರೆ ಮುಂದಿನ ವರ್ಷದ ಅನುದಾನ ಕತ್ತರಿಸುತ್ತಾರೆ, ಊರು ಎರಡು ಸಲ ಸೋಲುತ್ತದೆ. ಜಿಎಸ್‌ಟಿ ಚಿಂತೆ ಮಾತ್ರ ಬೇಡ: 2022ರ ಆಗಸ್ಟ್‌ನ ಕೇಂದ್ರ ಸುತ್ತೋಲೆ ಇಂಥ ದಂಡ ಸೇವೆಯ ಪ್ರತಿಫಲ ಅಲ್ಲ, ತೆರಿಗೆ ಬೀಳುವುದಿಲ್ಲ ಎಂದು ಸ್ಪಷ್ಟಪಡಿಸಿದೆ.

ಹಣ ಹಿಡಿಯುವ ಪಾತ್ರೆಯ ವಿಷಯದಲ್ಲಿ ಅಡ್ಡದಾರಿ ಇಲ್ಲ. ಕಾರ್ಯಪಾಲಕ ಇಂಜಿನಿಯರ್ ಬ್ಯಾಂಕ್ ಖಾತೆ ತೆರೆದು ದಂಡ ಕೂಡಿಡುವಂತಿಲ್ಲ. ಮೊದಲು ಸಂಚಿತ ನಿಧಿಗೆ ಜಮೆ, ಆಮೇಲೆ ಬಜೆಟ್‌ನಲ್ಲಿ ಅಷ್ಟೇ ಮೊತ್ತಕ್ಕೆ ಅವಕಾಶ ಮಾಡಿ ಸಾರ್ವಜನಿಕ ಲೆಕ್ಕದ ಪ್ರತ್ಯೇಕ ನಿಧಿಗೆ ವರ್ಗಾವಣೆ, ಅಲ್ಲಿಂದ ಜಿಲ್ಲಾ ಪಂಚಾಯಿತಿಗೆ ಅಥವಾ ನಗರಸಭೆಗೆ. ರಾಜ್ಯದ ರಸ್ತೆಗಳಿಗೆ ಇಷ್ಟು ಸಾಕು. ರಾಷ್ಟ್ರೀಯ ಹೆದ್ದಾರಿಗೆ ರಾಜ್ಯದ ಆದೇಶ ನಡೆಯದು, ಕೇಂದ್ರ ಸಚಿವಾಲಯವೇ ನಿಯಮ ಮಾಡಬೇಕು. ತುಮಕೂರು–ಶಿವಮೊಗ್ಗ ಹೆದ್ದಾರಿ ಬದಿಯ ಗುಬ್ಬಿ, ತಿಪಟೂರಿನವರೂ, ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗುವ ಮಾಲೂರು, ಕೆಜಿಎಫ್ ಕಡೆಯವರೂ ಇದನ್ನು ಕೇಳಬೇಕಾದ್ದು ಸಂಸದರನ್ನು.

ಖರ್ಚು ಮಾಡುವವರು ದಂಡ ವಿಧಿಸುವವರೇ ಆಗಬಾರದು. ದಂಡದ ಹಣ ಅದೇ ವಿಭಾಗದ ಕೈಗೆ ಮರಳಿ ಬರುವಂತಿದ್ದರೆ, ನ್ಯಾಯವಾದ ವಿಸ್ತರಣೆಯನ್ನೂ ತಿರಸ್ಕರಿಸಿ ಬಜೆಟ್ ತುಂಬಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಅಂಥ ದಂಡ ಮಧ್ಯಸ್ಥಿಕೆಯಲ್ಲಿ ನಿಲ್ಲುವುದೂ ಇಲ್ಲ. ಬಾಕಿ ಉಳಿದ ಮೂಲ ಕೆಲಸಕ್ಕೂ ಈ ಹಣ ಬಳಸಬಾರದು, ಅದು ಗುತ್ತಿಗೆದಾರನ ಹೊಣೆ. ಹಾಳಾದ ಬದಲಿ ರಸ್ತೆ ದುರಸ್ತಿ, ಶಾಲೆ ಮುಂದಿನ ದಾಟುದಾರಿ, ಮುಚ್ಚಿಹೋದ ಚರಂಡಿ, ಒಡೆದ ಕುಡಿಯುವ ನೀರಿನ ಪೈಪು, ಇಂಥವು ಸರಿ. ಮನೆಮನೆಗೆ ನಗದು ಹಂಚುವುದು ಜಗಳಕ್ಕೆ ದಾರಿ. ಬೆಳೆ ನಷ್ಟಕ್ಕೆ ಮಾತ್ರ ಕಂದಾಯ, ತೋಟಗಾರಿಕೆ, ರೇಷ್ಮೆ ಇಲಾಖೆಗಳ ಜಂಟಿ ಮಹಜರಿನ ಮೇಲೆ ವೈಯಕ್ತಿಕ ಪರಿಹಾರ ಕೊಡಬಹುದು.

ಈ ಇಡೀ ಏರ್ಪಾಡಿನ ದೊಡ್ಡ ತೂತು ಬೇರೆಯೇ ಇದೆ. ವಿಳಂಬ ಸರ್ಕಾರದ್ದೇ ಆದರೆ? ಇಪಿಸಿ ಕರಾರಿನಂತೆ ಶುರುವಿನಲ್ಲೇ ಕನಿಷ್ಠ ಶೇ. 90ರಷ್ಟು ಜಾಗ ಒಪ್ಪಿಸಬೇಕು, ಉಳಿದದ್ದು ತಡವಾದರೆ ಪ್ರಾಧಿಕಾರವೇ ಗುತ್ತಿಗೆದಾರನಿಗೆ ಪರಿಹಾರ ಕೊಡಬೇಕು. ಆಗ ದಂಡವೇ ಇಲ್ಲ, ಊರಿಗೆ ಪಾಲೂ ಇಲ್ಲ, ಧೂಳು ಮಾತ್ರ ಅಷ್ಟೇ. ಮೇಲಿನ ಉದಾಹರಣೆಯ 250 ದಿನಗಳು ಇಂಥವೇ. ಬಾಧಿತ ಊರಿನ ನಿಧಿಗೆ ಆ ದಿನಗಳ ಪಾಲನ್ನು, ಅರ್ಧ ದರದಲ್ಲಾದರೂ, ಇಲಾಖೆಯೇ ತನ್ನ ಅನುದಾನದಿಂದ ತುಂಬಬೇಕು. ಇದಿಲ್ಲದ ಯೋಜನೆ ಅರ್ಧ ಯೋಜನೆ.

ಆದೇಶ ಬರುವ ತನಕ ಕಾಯಬೇಕಿಲ್ಲ, ನಿಮ್ಮೂರಿನ ರಸ್ತೆಯ ಲೆಕ್ಕವನ್ನು ಈಗಲೇ ತೆಗೆಯಬಹುದು. ಕಾಮಗಾರಿ ಫಲಕದಿಂದ ಕಾಮಗಾರಿ ಹೆಸರು, ಗುತ್ತಿಗೆ ಮೊತ್ತ, ಮುಗಿಯಬೇಕಾದ ದಿನ ಬರೆದುಕೊಳ್ಳಿ. ಆಮೇಲೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ. ‘ದಂಡ ಹಾಕಿದ್ದೀರಾ’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬರುತ್ತದೆ, ಹಾಗಾಗಿ ದಾಖಲೆಯನ್ನೇ ಕೇಳಬೇಕು. ಇಷ್ಟು ಬರೆದರೆ ಸಾಕು: ‘ಸದರಿ ಕಾಮಗಾರಿಯ ಕರಾರಿನ ಕಾಂಟ್ರಾಕ್ಟ್ ಡೇಟಾ ಪುಟ, ಕಾರ್ಯಾದೇಶ, ಎಲ್ಲ ಅವಧಿ ವಿಸ್ತರಣೆ ಆದೇಶಗಳು, ಅಡಚಣೆ ದಾಖಲೆ ಪುಸ್ತಕ, ಪ್ರತಿ ಆರ್‌ಎ ಬಿಲ್‌ನ ಕಡಿತ ವಿವರ, ತಡೆಹಿಡಿದ ಮೊತ್ತ ಈಗ ಇರುವ ಠೇವಣಿ ಲೆಕ್ಕದ ಪ್ರತಿ ದೃಢೀಕರಿಸಿ ಕೊಡಿ.’ ಅಂತಿಮ ಬಿಲ್ ಪಾವತಿಗೆ ಮುಂಚೆಯೇ ಹಾಕಿ, ಪಾವತಿಯಾದ ಮೇಲೆ ತಡೆಹಿಡಿದದ್ದು ಉಳಿದಿರುವುದಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಸಿಕ್ಕ ಕಾಗದದ ಪ್ರತಿಯನ್ನು ತಾಲ್ಲೂಕು ಕೆಡಿಪಿ (ಅಭಿವೃದ್ಧಿ ಪ್ರಗತಿ ಪರಿಶೀಲನಾ) ಸಭೆಗೆ ಮುಂಚೆ ಶಾಸಕರಿಗೆ, ಹೆದ್ದಾರಿಯಾದರೆ ಕೇಂದ್ರ ಯೋಜನೆಗಳ ಪ್ರಗತಿ ನೋಡುವ ದಿಶಾ ಸಮಿತಿ ಸಭೆಗೆ ಮುಂಚೆ ಸಂಸದರಿಗೆ ಕೊಟ್ಟು, ನಡಾವಳಿಯಲ್ಲಿ ಕಾಮಗಾರಿಯ ಹೆಸರಿನೊಂದಿಗೆ ದಾಖಲಾಗುವಂತೆ ನೋಡಿಕೊಳ್ಳಿ.